ಮೂರು ಹೊಸ ವರ್ಷ

ಕಾಲುವೆ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಅಯ್ಯಾವು ಆ ಬೀಗವನ್ನೊಮ್ಮೆ ನೋಡಿದ, ಬೇವಿನ ಮರದಡಿ ಕುಕ್ಕರುಗಾಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಕಾವಲುಗಾರನನ್ನೊಮ್ಮೆ ನೋಡಿದ. ಕೋಳಿ ಕೂಗುವ ಮುಂಚೆ ಗೂಡಲೂರು ಬಿಟ್ಟವನು ಕಂಬಂ ದಾಟಿ ನಾಲ್ಕು ಹರದಾರಿ ನಡೆದು ಬಂದಿದ್ದ. ಯುಗಾದಿಯ ಎಣ್ಣೆಸ್ನಾನ ಮುಗಿಸಿಯೇ ಹೊರಟಿದ್ದರಿಂದ ಕಿವಿಯ ಹಿಂದೆ ಇನ್ನೂ ಜಿಡ್ಡಿತ್ತು. ಉಟ್ಟ ಪಂಚೆ ಹೊಸದು, ಗಂಜಿಯ ವಾಸನೆ ಹೋಗಿರಲಿಲ್ಲ.

ಕಾವಲುಗಾರ ನಕ್ಕು ತಮಿಳಿನಲ್ಲಿ ಕೇಳಿದ. "ಏನಪ್ಪಾ, ಮದುವೆಗೆ ಬಂದಿಯಾ? ಇವತ್ತು ಭಾನುವಾರ. ಗುಮಾಸ್ತರು ನಾಳೆ ಬರುತ್ತಾರೆ."

ಹೊಸ ವರ್ಷ ಭಾನುವಾರವೂ ಹುಟ್ಟಬಹುದೆಂದು ಅಯ್ಯಾವುವಿಗೆ ಹೊಳೆದೇ ಇರಲಿಲ್ಲ. ನಾಳೆಯವರೆಗೆ ಛತ್ರದಲ್ಲಿ ಬಿದ್ದಿರುವುದೆಂದು ತೀರ್ಮಾನಿಸಿದ. ವಾಪಸು ಹೋದರೆ ಕಾದಿರುವವರು ಯಾರು?

ಹಿಂದಿನ ಕಾರ್ತಿಕದಲ್ಲಿ ಬೆಟ್ಟ ಕೊರೆದು ಸರ್ಕಾರ ಕಣಿವೆಗೆ ನೀರು ಬಿಟ್ಟಿತ್ತು. ನೀರು ಬಂದ ಮೇಲೆ ತೂಬು ಏರಿಸಲು, ಇಳಿಸಲು, ಏರಿ ಕಾಯಲು ಆಳು ಬೇಕು. ನೀರುಗಂಟಿ ಕೆಲಸ, ತಿಂಗಳಿಗೆ ಏಳು ರೂಪಾಯಿ ಸಂಬಳ. ಮಳೆ ಬಂದರೂ ಏಳು, ಬರದಿದ್ದರೂ ಏಳು! ಅಯ್ಯಾವು ಮಾಸಿ ತಿಂಗಳಲ್ಲಿ ಬಂದು ಗುಮಾಸ್ತ ರಂಗಸಾಮಿಯ ಮುಂದೆ ಕೈ ಕಟ್ಟಿ ನಿಂತಿದ್ದ. ಗುಮಾಸ್ತ ಇವನ ಅಗಲ ಭುಜ, ಸನಿಕೆ ಹಿಡಿದ ಕೈ ನೋಡಿ ಹೆಸರು ಬರೆದುಕೊಂಡು, "ಪುದು ವರುಷಂ ಪಿರಂದದುಂ ವಾ" ಎಂದಿದ್ದ. ಹೊಸ ವರ್ಷ ಹುಟ್ಟಿದ ಕೂಡಲೇ ಬಾ.

ಯಾವ ಹೊಸ ವರ್ಷ ಎಂದು ಅಯ್ಯಾವು ಕೇಳಲಿಲ್ಲ. ಕೇಳಲು ಅದೇನು ಸಂತೆಯ ದಿನವೇ? ಅವ್ವ ಬಾಯಿಗೆ ಬೇವು ಬೆಲ್ಲ ಇಟ್ಟ ದಿನವೇ ಹೊಸ ವರ್ಷ. ಅವನ ಜನ ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕ ಇಟ್ಟವರಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅರ್ಧ ಮಾತು ಕರಗಿಹೋಗಿದ್ದರೂ ಯುಗಾದಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಕೆಲಸದ ಆಸೆಯ ಹಿಂದೆ ಒಂದು ಒಲೆ ಇತ್ತು. ಅಯ್ಯಾವುವಿನ ಮನೆ ಊರಿಂದ ಎರಡು ಹೊಲ ಆಚೆ, ಕಾಲುವೆ ಪಕ್ಕ, ಒಂದೇ ಅಂಕಣದ್ದು. ಆದರೆ ಉಣ್ಣುವುದು ಅಣ್ಣ ಕಾಳಿಮುತ್ತುವಿನ ಮನೆಯಲ್ಲಿ, ದುಡಿಯುವುದು ಅಣ್ಣನ ಹೊಲದಲ್ಲಿ. ಮದುವೆಯಾಗಿ ಬಂದ ರಾಜಮ್ಮಾಳ್ ಎರಡು ವರ್ಷ ಅತ್ತಿಗೆ ಪಿಚ್ಚೈಯಮ್ಮಾಳ್ ಅಳೆದು ಹಾಕಿದ ಹಿಟ್ಟು ತಿಂದಳು. ಮೂರನೆಯ ವರ್ಷ ಸೀರೆ ಗಂಟು ಕಟ್ಟಿಕೊಂಡು ಆಂಡಿಪಟ್ಟಿಯ ತವರಿಗೆ ಹೊರಟಳು. ಹೊರಡುವಾಗ ಜಗಳವಾಡಲಿಲ್ಲ. "ನಿಂದೂ ಅಂತ ಒಂದ್ ಒಲೆ ಅತ್ಲಿ, ಬತ್ತೀನಿ," ಎಂದಳು ಅಷ್ಟೇ. ಅದಾಗಿ ಮೂರು ವರ್ಷ. ಜಗಳವಾಡಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ಗುಮಾಸ್ತ ಹೆಸರು ಬರೆದುಕೊಂಡ ವಾರವೇ ಅಯ್ಯಾವು ಕಿವಿಯ ಕಡಕು ಮಾರಿದ. ಆ ದುಡ್ಡಿನಲ್ಲಿ ಎರಡು ಮಡಕೆ, ಒಂದು ಪಂಚೆ, ಒಂದು ಮರಕಾಲು ಅಳತೆಯ ಅಕ್ಕಿ ತಂದ. ಅಕ್ಕಿಯನ್ನು ಮಡಕೆಯಲ್ಲಿ ತುಂಬಿ ಬಟ್ಟೆ ಕಟ್ಟಿಟ್ಟ. ಆಂಡಿಪಟ್ಟಿ ಮಾರ್ಗವಾಗಿ ಬಂಡಿ ಹೊಡೆಯುವ ರಾಮಸಾಮಿಯ ಕೈಲಿ ಮಾತು ಕಳಿಸಿದ: "ಒಸ ವರ್ಸಕ್ಕೆ ನಂಗೆ ಸರ್ಕಾರಿ ವೇಲೆ. ಒಲೆ ಅತ್ತುಸ್ತೀನಿ ಅಂತ ಯೋಳು." ಕೆಲಸ ಕೈಗೆ ಬಂದ ಮೇಲೆ ತಾನೇ ಹೋಗಿ ಕರೆತರುವುದೆಂದು ಮನಸ್ಸಿನಲ್ಲಿತ್ತು. ಅದನ್ನು ಹೇಳಿ ಕಳಿಸಲು ನಾಚಿಕೆಯಾಯಿತು.

ಸೋಮವಾರ ರಂಗಸಾಮಿ ಕಾಗದದಿಂದ ತಲೆಯೆತ್ತದೆ, "ಇನ್ನುಂ ಪಿರಕ್ಕಲೈಯೇ," ಎಂದ. ಹುಟ್ಟಿಲ್ಲವಲ್ಲ!

ಅಯ್ಯಾವು ಹಣೆ ಹಣೆ ಬಡಿದುಕೊಂಡ. ಹೌದಲ್ಲ, ಇದು ತನ್ನ ಹೊಸ ವರ್ಷ, ಊರಿನದಲ್ಲ. ಊರಿನದು ಚಿತ್ತಿರೈ ತಿಂಗಳ ಒಂದಕ್ಕೆ, ಇನ್ನೂ ನಾಲ್ಕು ವಾರವಿದೆ. ಮನೆಯ ಮಾತನ್ನು ಕಚೇರಿಗೆ ಹೊತ್ತು ತಂದ ತನ್ನ ದಡ್ಡತನಕ್ಕೆ ದಾರಿಯುದ್ದಕ್ಕೂ ಒಬ್ಬನೇ ನಕ್ಕ. ಹುಣಸೆ ಮರಗಳು ಕೆಂಪಗೆ ಚಿಗುರಿದ್ದವು. ಬೂರುಗದ ಕಾಯಿ ಬಿರಿದು ಹತ್ತಿ ಗಾಳಿಯಲ್ಲಿ ಹಾರಿ ಅವನ ಎಣ್ಣೆ ತಲೆಗೆ ಅಂಟಿಕೊಳ್ಳುತ್ತಿತ್ತು. ಪುಣ್ಯಕ್ಕೆ ರಾಜಮ್ಮಾಳಿಗೆ ಯಾವ ಹೊಸ ವರ್ಷ ಎಂದು ಹೇಳಿ ಕಳಿಸಿಲ್ಲ ಎಂದುಕೊಂಡ. ಅಷ್ಟು ಜಾಣತನ ತನ್ನಲ್ಲಿ ಉಳಿದಿದೆಯಲ್ಲ ಎಂದು ಸಮಾಧಾನವಾಯಿತು.

ಮನೆ ಮುಟ್ಟಿದಾಗ ಬಾಗಿಲಿಗೆ ಮಾವಿನೆಲೆ, ಬೇವಿನ ಹೂಗೊಂಚಲಿನ ತೋರಣ ಕಟ್ಟಿತ್ತು. ಅತ್ತಿಗೆ ಇರಬೇಕು. ಮೂರು ವರ್ಷದಲ್ಲಿ ಈ ಬಾಗಿಲನ್ನು ಒಬ್ಬರಾದರೂ ನೆನೆದರಲ್ಲ ಎಂದುಕೊಂಡ. ಅತ್ತಿಗೆಯನ್ನು ಕೇಳಲಿಲ್ಲ. ಕೇಳಿದರೆ ಅವಳು ಮಾಡಿದ ಉಪಕಾರಕ್ಕೂ ಬಡ್ಡಿ ಸೇರಿಸಿ ಮಾತಾಡುವವಳು.

"ಏನ್ ಮೈದುನಾ, ವೇಲೆ ಯಾವಾಗ?" ಎಂದು ಪಿಚ್ಚೈಯಮ್ಮಾಳ್ ಮುದ್ದೆ ಇಕ್ಕುತ್ತ ಕೇಳಿದಳು.

"ಒಸ ವರ್ಸಕ್ಕೆ."

"ಅದು ಓಯ್ತಲ್ಲಪ್ಪಾ!"

"ಓಗಿದ್ದು ನಮ್ದು. ಬರೋದು ಅವರ್ದು."

"ಸೆರಿ ಸೆರಿ. ಯಾರ್ದಾದ್ರೂ ಬರ್ಲಿ," ಎಂದು ಅವಳು ಸಾರು ಬಿಟ್ಟಳು.

ನಾಲ್ಕು ವಾರ ಅಯ್ಯಾವು ಯಾರೂ ಹೇಳದಿದ್ದರೂ ಬೆಳಿಗ್ಗೆ ಎದ್ದು ಕಾಲುವೆ ಏರಿಯ ಮೇಲೆ ನಡೆದ. ತೂಬಿನ ಬಾಯಿಗೆ ಸಿಕ್ಕಿದ ಕಡ್ಡಿ ಕಸ ತೆಗೆದ. ಬೇಸಗೆಗೆ ನೀರು ಇಳಿದು ತಳದ ಕಲ್ಲು ಕಾಣುತ್ತಿದ್ದವು. ಸಂಜೆ ಜಗಲಿಯ ಮೇಲೆ ಕೂತರೆ ತೋರಣದ ಬೇವಿನ ಹೂ ಹೆಗಲ ಮೇಲೆ ಉದುರುತ್ತಿತ್ತು. ಏಳು ರೂಪಾಯಿಯಲ್ಲಿ ಮೊದಲ ತಿಂಗಳು ಏನು ಕೊಳ್ಳುವುದು ಎಂದು ಯೋಚಿಸುತ್ತಿದ್ದ. ಒಂದು ಸೀರೆ, ಒಂದು ಒರಳು. ಆ ಲೆಕ್ಕವನ್ನು ಹೇಳಿಕೊಳ್ಳಲು ಎದುರಿಗೆ ಒಬ್ಬರಿಲ್ಲ ಎನ್ನುವುದು ಆ ಹೊತ್ತಿನಲ್ಲೇ ಹೆಚ್ಚು ನೋಯುತ್ತಿತ್ತು.

ಚಿತ್ತಿರೈ ಹುಟ್ಟಿದ ಮಾರನೇ ದಿನ ಅದೇ ಪಂಚೆ ಉಟ್ಟು ಕಚೇರಿಗೆ ಹೋದ. ಈ ಸಲ ರಂಗಸಾಮಿ ತಲೆಯೆತ್ತಿದ.

"ಎಲ್ಲಿ ಹೋಗಿದ್ದೆಯಯ್ಯಾ? ಹೊಸ ವರ್ಷಕ್ಕೆ ಬಾ ಅಂದಿದ್ದೆನಲ್ಲ. ಮೂರು ಸಲ ಹೆಸರು ಕೂಗಿಸಿದೆ."

"ನಿನ್ನೆ ತಾನೇ ಹುಟ್ಟಿತು ಸ್ವಾಮಿ."

"ಅದು ಊರಿಗೆ. ಸರ್ಕಾರಕ್ಕೆ ಹೊಸ ವರ್ಷ ಏಪ್ರಿಲ್ ಒಂದು. ಅವತ್ತೇ ಮಂಜೂರಾಯಿತು, ಅವತ್ತೇ ಆಳು ತೆಗೆದುಕೊಂಡರು."

"ಅದು ಯಾವತ್ತು ಬರುತ್ತದೆ ಸ್ವಾಮಿ?"

ಗುಮಾಸ್ತ ಬೆರಳು ಎಣಿಸಿದ. "ಈ ಸಲ ಪಂಗುನಿ ಇಪ್ಪತ್ತಕ್ಕೆ ಬಂತು."

"ತಿಂಗಳ ನಡುವೆ ವರ್ಷ ಹುಟ್ಟುತ್ತದಾ?" ಎಂದು ಅಯ್ಯಾವು ಕೇಳಿದ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಲು ಕೇಳಿದ. ರಂಗಸಾಮಿಗೆ ನಗು ಬಂತು, ನಕ್ಕ ಮೇಲೆ ಪಾಪ ಅನ್ನಿಸಿತು. ಮುಂದಿನ ವರ್ಷ ಬಾ, ಹೆಸರು ಬರೆದಿಡುತ್ತೇನೆ ಎಂದ. ಈಗ ಹುಟ್ಟಿದ ಹೊಸ ವರ್ಷದ ಹೆಸರೇ ದುರ್ಮುಖಿ. ಅದರ ಮುಖವನ್ನು ಇನ್ನೂ ಹನ್ನೆರಡು ತಿಂಗಳು ನೋಡಬೇಕಿತ್ತು.

ಅಯ್ಯಾವು ಬಂದ ದಾರಿಯಲ್ಲೇ ಹಿಂದಿರುಗಿದ. ಹುಣಸೆಯ ಚಿಗುರು ಹಸಿರಾಗಿತ್ತು. ಕೆಲಸ ಹೋದದ್ದಕ್ಕಿಂತ, ರಾಜಮ್ಮಾಳಿಗೆ ಏನೆಂದು ಹೇಳಿ ಕಳಿಸುವುದು ಎಂಬ ಚಿಂತೆ ದೊಡ್ಡದಾಗಿತ್ತು. ಹೇಳಿ ಕಳಿಸದಿದ್ದರೆ ಅವಳಿಗೇನು ಗೊತ್ತಾಗುತ್ತದೆ, ಮುಂದಿನ ವರ್ಷದ ತನಕ ಸುಮ್ಮನಿದ್ದುಬಿಡಬಹುದು ಎಂದೂ ಅನ್ನಿಸಿತು.

ಹೊತ್ತು ಇಳಿಯುವಾಗ ಮನೆಯ ಹತ್ತಿರ ಬಂದ. ಏರಿಯ ಮೇಲೆ ರಾಮಸಾಮಿಯ ಬಂಡಿ ನಿಂತಿತ್ತು, ಎತ್ತುಗಳು ಕಾಲುವೆಯಲ್ಲಿ ನೀರು ಕುಡಿಯುತ್ತಿದ್ದವು. ರಾಮಸಾಮಿ ಯುಗಾದಿಯ ಮೇಲೆ ದಿಂಡುಕಲ್ಲಿಗೆ ಹೊರೆ ಹೊಡೆದವನು ಈಗಷ್ಟೇ ಈ ಕಡೆ ಬಂದಿದ್ದ.

"ಅಣ್ಣಾ, ಅವತ್ತು ಎಲ್ಲಿಗ್ ಓಗಿದ್ದೆ?" ಎಂದ ಅವನು.

"ಯಾವತ್ತು?"

"ಯುಗಾದಿ ದಿನ. ನಿಮ್ ಮನೆಯಮ್ಮ ನನ್ ವಂಡೀಲೇ ಬಂದಿತ್ತಲ್ಲ."

ಅಯ್ಯಾವು ಕೈಲಿದ್ದ ಕೋಲನ್ನು ಮನೆಯ ಗೋಡೆಗೆ ಆನಿಸಿದ. ಅದು ಜಾರಿ ಬಿತ್ತು.

"ಮಜ್ಜಾನ ಇಳ್ಸಿ ಓದೆ. ಬಾಗ್ಲು ಬರೇ ಸಿಕ್ಸಿತ್ತು. ಒಳೀಕ್ ಓಗವ್ವಾ ಅಂದೆ. ಕರ್ದೋರು ಇಲ್ದೆ ಎಂಗ್ ಓಗ್ಲಿ ಅಂತು, ಪಾವ. ಊರೆಲ್ಲ ವರ್ಸದ ಮೊದ್ಲ ಉಳುಮೆ, ಒನ್ನೇರು ಕಟ್ಟಕ್ಕೆ ಒಲ್ದಾಗಿತ್ತು. ನಾನು ಬೆಟ್ಟದಡಿ ಓಗಿ ಹೊರೆ ಏರ್ಸ್ಕೊಂಡು ಬರೋ ಗಂಟ ಈ ಜಗ್ಲೀಲೇ ಕೂತಿತ್ತು. ಸುಮ್ನೆ ಕೂತ್ಕೊಳ್ಳೋಕಾಗ್ದೆ ತೋರ್ಣ ಕಟ್ಟಿತ್ತು. ಒತ್ತು ಮುಳುಗ್ತಲೂ ಬಾ ಓಗವಾ ಅಂತ ವಂಡಿ ಅತ್ಬುಡ್ತು."

"ಏನಾದ್ರೂ ಯೋಳ್ತಾ?"

"ದಾರೀಲೂ ಮಾತಿಲ್ಲ."

ಅಯ್ಯಾವು ತೋರಣದ ಕಡೆ ನೋಡಿದ. ಮಾವಿನೆಲೆ ಒಣಗಿ ಸುರುಳಿಯಾಗಿತ್ತು, ಬೇವಿನ ಹೂ ಒಂದೂ ಉಳಿದಿರಲಿಲ್ಲ. ಎಲೆ ಪೋಣಿಸಿದ್ದು ಬಾಳೆ ನಾರಿಗಲ್ಲ, ಹಳದಿ ಸೀರೆಯಿಂದ ಹರಿದ ಅಂಚಿಗೆ. ಮದುವೆಯಲ್ಲಿ ಅವನೇ ಕೊಡಿಸಿದ ಸೀರೆ. ನಾಲ್ಕು ವಾರ ದಿನಾ ಅದರ ಕೆಳಗೇ ಕೂತಿದ್ದರೂ ತಲೆಯೆತ್ತಿ ನೋಡಿರಲಿಲ್ಲ.

"ನಾನು ಅತ್ತಿಗೆ ಕಟ್ಟಿದ್ದು ಅಂದ್ಕಂಡಿದ್ದೆ," ಎಂದ.

ರಾಮಸಾಮಿ ಎತ್ತು ಹೂಡುತ್ತ, "ನಾಳಿದ್ದು ಆಂಡಿಪಟ್ಟಿ ಮೇಲೇ ಓಗ್ತೀನಿ. ಏನ್ ಯೋಳ್ಲಿ?" ಎಂದು ಕೇಳಿದ.

ಹೊಸ ವರ್ಷಕ್ಕೆ ಅನ್ನುವ ಮಾತು ಅಭ್ಯಾಸಬಲದಿಂದ ಅಯ್ಯಾವುವಿನ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿದ.

"ತೋರ್ಣ ಬಿಚ್ಚಿಲ್ಲ ಅಂತ ಯೋಳು."

ಬಂಡಿ ಏರಿಯ ಮೇಲೆ ಹೊರಟಿತು. ಅಯ್ಯಾವು ಒಳಗೆ ಹೋಗಿ ಅಕ್ಕಿ ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಒಲೆಯೊಳಗೆ ಜೇಡ ಬಲೆ ಕಟ್ಟಿತ್ತು, ಅದನ್ನು ಕೈಯಿಂದ ಸವರಿ ತೆಗೆದ. ವರ್ಷಗಟ್ಟಲೆ ಉರಿ ಕಾಣದ ಒಲೆ ಬೇಗ ಹತ್ತಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ಊದಿದ. ಕೊನೆಗೆ ಹೊಗೆ ಎದ್ದು, ಬಾಗಿಲಿನ ಒಣಗಿದ ಎಲೆಗಳ ಸಂದಿಯಲ್ಲಿ ನುಸುಳಿ ಹೊರಗೆ ಹೋಯಿತು. ಹೊಗೆ ಕಂಡಿತೇನೋ, ದೂರದಲ್ಲಿ ಎತ್ತಿನ ಗಂಟೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮುಂದೆ ಹೋಯಿತು.