ನೆಲದ ದಾಯಾದಿ

“ಹಾರ ಆಮೇಲೆ ಹಾಕಿ ಸಾರ್. ಮೊದಲು ಒಳಗೆ ಹೋಗಿ ರೆಕ್ಕೆ ಬಿಚ್ಚಿ,” ಎಂದು ಸೂಜಿಯಪ್ಪನ ಹೆಂಡತಿ ಗಂಡನ ಶವದ ಗಾಡಿಯ ಬಾಗಿಲಿಗೆ ಅಡ್ಡ ನಿಂತಳು. ಕೊನೆಯ ದರ್ಶನಕ್ಕೆಂದು ಗಾಡಿ ಅವನು ದುಡಿದ ಮ್ಯೂಸಿಯಂ ಮುಂದೆ ನಿಂತಿತ್ತು.

“ಯಾವ ರೆಕ್ಕೆ ತಾಯೀ?” ಹಾರ ಹಿಡಿದಿದ್ದ ಮ್ಯೂಸಿಯಂ ನಿರ್ದೇಶಕರು ಏನೂ ಅರಿಯದವರಂತೆ ಕೇಳಿದರು.

“ಆ ಪ್ರಾಣಿಗೆ ನೀವು ಕಟ್ಟಿಸಿದ್ದು. ಅದು ಇಳಿಯೋವರೆಗೂ ಇವರನ್ನ ಕಳಿಸಲ್ಲ.”

ಗಾಡಿಯವನು ಗಡಿಯಾರ ನೋಡಿದ. “ಹನ್ನೊಂದಕ್ಕೆ ಸ್ಮಶಾನದಲ್ಲಿರಬೇಕು ಅಮ್ಮಾ.”

“ಇವರಿಗೇನಪ್ಪಾ ಅವಸರ?”

ನೆರೆದವರಲ್ಲಿ ಯಾರೋ ಕೆಮ್ಮುವ ನೆಪದಲ್ಲಿ ನಕ್ಕರು.

*

ಕಲ್ಲಿನಲ್ಲಿ ಹುದುಗಿದ ಎಲುಬುಗಳನ್ನು ಸೂಜಿಯಿಂದ ಕೆದಕಿ ಬಿಡಿಸುವುದು ಸೂಜಿಯಪ್ಪನ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಬೆಕ್ಕಿನಷ್ಟಿದ್ದ ಒಂದು ಪುರಾತನ ಸರೀಸೃಪಕ್ಕೇ ಒಂಬತ್ತು ವರ್ಷ ಹಿಡಿಯಿತು. ಅದು ಹಾರುವ ಸರೀಸೃಪಗಳಿಗೆ ಹತ್ತಿರದ ನಂಟ. ತಾನು ಮಾತ್ರ ನೆಲದ ಮೇಲೇ ಓಡಾಡಿಕೊಂಡಿದ್ದ ಪ್ರಾಣಿ. ಅದರ ಮಾದರಿ ಸಿದ್ಧವಾದಾಗ ನಿರ್ದೇಶಕರು ಅದಕ್ಕೆ ತಂತಿ, ಬಟ್ಟೆಯ ಆಳುದ್ದದ ರೆಕ್ಕೆ ಕಟ್ಟಿಸಿದರು.

“ರೆಕ್ಕೆ ಇಲ್ಲದಿದ್ರೆ ಇದು ಬರೀ ಓತಿಕ್ಯಾತ ಕಣಯ್ಯಾ. ಯಾರು ನೋಡ್ತಾರೆ?”

“ದಾಯಾದಿ ಹಾರಿದ ಅಂತ ಇದೂ ಹಾರಬೇಕಾ ಸಾರ್? ನಮ್ಮಣ್ಣ ಪೈಲ್ವಾನ. ನನ್ನ ತೋಳು ನೋಡಿ!”

ಸೋಮವಾರ ಮ್ಯೂಸಿಯಂಗೆ ರಜೆ. ಸೂಜಿಯಪ್ಪ ಹೋಗಿ ರೆಕ್ಕೆ ಬಿಚ್ಚಿಡುತ್ತಿದ್ದ. ಮಂಗಳವಾರ ನಿರ್ದೇಶಕರು ಮತ್ತೆ ಕಟ್ಟಿಸುತ್ತಿದ್ದರು. ಹದಿನಾಲ್ಕು ವರ್ಷ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮನೆಯಲ್ಲಿ ಎಂದೂ ದನಿ ಎತ್ತದ ಮನುಷ್ಯ ಭಾನುವಾರ ಸಂಜೆಯಾದರೆ ಶಿಳ್ಳೆ ಹಾಕುತ್ತಿದ್ದ. ಆ ಶಿಳ್ಳೆ ಹೆಂಡತಿಗೆ ಬಹಳ ಇಷ್ಟವಾಗಿತ್ತು.

ಈ ಸೋಮವಾರ ಅವನು ಏಳಲಿಲ್ಲ.

*

“ಈ ವಾರ ಬಿಚ್ಚೋರು ಯಾರೂ ಇಲ್ಲ ಸಾರ್,” ಎಂದಳು ಗಾಡಿಗೆ ಅಡ್ಡ ನಿಂತಿದ್ದ ಹೆಂಡತಿ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

ನಿರ್ದೇಶಕರು ಹಾರವನ್ನು ಗಾಡಿಯವನ ಕೈಗೆ ಕೊಟ್ಟು ಒಳಗೆ ಹೋದರು. ಎರಡೂ ರೆಕ್ಕೆ ಹೊತ್ತು, ಮೈಯೆಲ್ಲ ಧೂಳು ಮಾಡಿಕೊಂಡು ಹೊರಬಂದರು.

“ಆಯ್ತಲ್ಲಮ್ಮಾ? ಇವನ್ನ ಒಳಗಿಟ್ಟು ಬರ್ತೀನಿ.”

“ಇಟ್ರೆ ನಾಳೆ ಮತ್ತೆ ಕಟ್ಟಿಸ್ತೀರಿ. ಜೊತೆಗೇ ತನ್ನಿ. ಇವರ ಜೊತೆ ಅವೂ ಸುಟ್ಟುಹೋಗಲಿ.”

ಗಾಡಿಯೊಳಗೆ ರೆಕ್ಕೆ ಹಿಡಿಸಲಿಲ್ಲ. ಒಂದೊಂದು ಕಂಕುಳಲ್ಲಿ ಒಂದೊಂದನ್ನು ಅವುಚಿಕೊಂಡು ನಿರ್ದೇಶಕರು ಗಾಡಿಯ ಹಿಂದೆ ನಡೆದರು. ತಿರುವಿನಲ್ಲಿ ಗಾಳಿ ನುಗ್ಗಿ ರೆಕ್ಕೆಗಳು ಅಗಲವಾಗಿ ಬಿಚ್ಚಿಕೊಂಡವು. ಅವರು ಎರಡು ಸಲ ಕುಪ್ಪಳಿಸಿ, ತಡವರಿಸಿ, ಡೊಳ್ಳುಹೊಟ್ಟೆ ಮುಂದೆ ಮಾಡಿಕೊಂಡು ನೆಲದ ಮೇಲೇ ಓಡತೊಡಗಿದರು.