ಮಡಕೆಯಡಿಯ ಮರಳು

ಚಿಕ್ಕಬಸವಯ್ಯನವರು ಸರ್ಕಾರಿ ತೋಟದಲ್ಲಿ ಮೂವತ್ನಾಲ್ಕು ವರ್ಷ ಮಾಲಿಯಾಗಿ ದುಡಿದವರು. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಅವರು ಬೆಳೆಸಿದ ಹೂಕುಂಡಗಳು ಎಷ್ಟೋ. ಕುಂಡದ ಮುಂದಿನ ಚೀಟಿಯಲ್ಲಿ ಮಾತ್ರ ಯಾವಾಗಲೂ ತೋಟದ ಸಾಹೇಬರ ಹೆಸರು! ರಿಟೈರಾದ ಮೇಲೆ ಅವರಿಗೆ ಒಂದೇ ಹಟ: ಮೈಸೂರಲ್ಲಿ ಯಾರೂ ಬೆಳೆಸದ ಗಿಡ ತರಬೇಕು, ಚೀಟಿಯಲ್ಲಿ ತಮ್ಮ ಹೆಸರಿರಬೇಕು. ಚೀಟಿಯನ್ನಂತೂ ಆಗಲೇ ಬರೆದಿಟ್ಟುಕೊಂಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ ನೋಡಿ.

ಹಿಮಾಚಲಕ್ಕೆ ಪ್ರವಾಸ ಹೋಗಿದ್ದ ಅಳಿಯ ಪ್ರೇಮ್‌ಕುಮಾರ್ ಒಂದು ಪೊಟ್ಟಣ ಪ್ರಿಮುಲಾ ಬೀಜ ತಂದುಕೊಟ್ಟ. ಹಿಮ ಬೀಳುವ ಬೆಟ್ಟದ ಹೂವು. ಬಸವಯ್ಯನವರು ಕುಂಬಾರಕೊಪ್ಪಲಿನ ಮನೆಯ ತಾರಸಿ ಮೇಲೆ ಪೈಪು ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ಎಮ್ಮೆ ಕಟ್ಟುವಷ್ಟು ಜಾಗದಲ್ಲಿ ಹಸಿರುಮನೆ ಎಬ್ಬಿಸಿದರು. ಅರ್ಧ ಬೀಜ ಬಿತ್ತಿದರು. ಒಳಗೆ ಬಿಸಿಲು ಕಾದು ಒಂದೂ ಮೊಳೆಯಲಿಲ್ಲ. ಮೊದಲು ಚಳಿ ತಾಕದೆ ಈ ಬೀಜ ಎಚ್ಚರವಾಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು!

ಉಳಿದರ್ಧವನ್ನು ಒದ್ದೆ ಮರಳಲ್ಲಿ ಕಲಸಿ, ತುಪ್ಪದ ಡಬ್ಬಿಗೆ ತುಂಬಿ, ಎರಡು ತಿಂಗಳು ಇರಲಿ ಅಂತ ಫ್ರಿಜ್ಜಿನ ಮೂಲೆಗೆ ತಳ್ಳಿದರು. ಹೆಂಡತಿ ಸಿದ್ದಲಿಂಗಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಮಂಗಳಾರತಿ ಖಂಡಿತ.

ಐದನೇ ವಾರಕ್ಕೆ ಆಯುಧಪೂಜೆ ಬಂತು. ಸಿದ್ದಲಿಂಗಮ್ಮ ಈಳಿಗೆಮಣೆ, ಮಿಕ್ಸಿ, ಸ್ಕೂಟರ್ ಎಲ್ಲ ತೊಳೆದು, ಕೊನೆಗೆ ಫ್ರಿಜ್ಜನ್ನೂ ಖಾಲಿ ಮಾಡಿ ಒರೆಸಿ, ಬಾಗಿಲಿಗೆ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದರು. ಸಂಜೆ ಬಸವಯ್ಯನವರು ಫ್ರಿಜ್ ತೆಗೆದರೆ ಡಬ್ಬಿಯೇ ಇಲ್ಲ.

“ತುಪ್ಪದ ಡಬ್ಬಿ ಎಲ್ಲಮ್ಮಿ?”

“ಅದ್ರಲ್ಲಿ ತುಪ್ಪ ಎಲ್ಲಿತ್ತು? ಫ್ರಿಜ್ಜಲ್ಲಿ ಯಾರಾದ್ರೂ ಮರಳು ಮಡಗ್ತಾರೇನ್ರೀ? ಪಡಸಾಲೇಲಿರೋ ನೀರಿನ ಮಡಕೆ ಅಡೀಕೆ ಸುರಿದ್ಬುಟ್ಟೆ.”

ಬೀಜವೋ ಧೂಳಿನಷ್ಟು ಸಣ್ಣದು. ಮಡಕೆಯಡಿಯ ಹಳೇ ಮರಳಲ್ಲಿ ಬೆರೆತದ್ದನ್ನು ಹುಡುಕುವುದೆಲ್ಲಿ? ಬಸವಯ್ಯನವರಿಗೆ ಅಳುವೇ ಬಂತು. ಮಾತು ಬಿಟ್ಟರು. ಆ ಮಡಕೆಯ ನೀರನ್ನೂ ಬಿಟ್ಟು, ಪಡಸಾಲೆಯತ್ತ ತಲೆ ಹಾಕದೆ, ನಲ್ಲಿ ನೀರು ಕುಡಿದರು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಿದ್ದಲಿಂಗಮ್ಮ ಕೂಗಿದರು. “ರೀ, ಬನ್ರೀ ಇಲ್ಲಿ! ಪಾಚಿ ಅಂತ ಉಜ್ಜಕ್ಕೆ ಹೋದೆ, ಎಲೆ ಇದ್ದಂಗದೆ.”

ಬಸವಯ್ಯನವರು ಮಂಡಿಯೂರಿ ನೋಡಿದರು. ಮಡಕೆಯ ಸುತ್ತ ಹನ್ನೊಂದು ಸಸಿ! ಮಡಕೆ ಜಿನುಗಿ ಜಿನುಗಿ ಮರಳನ್ನು ಹಗಲೂ ರಾತ್ರಿ ತಣ್ಣಗಿಟ್ಟಿತ್ತು. ಮೂವತ್ನಾಲ್ಕು ವರ್ಷದ ಮಾಲಿಗೆ ಇದು ಹೊಳೆದಿರಲಿಲ್ಲ. ಅಂದೇ ಹಸಿರುಮನೆಯ ಪ್ಲಾಸ್ಟಿಕ್ ಕಿತ್ತು ನೆರಳುಬಲೆ ಕಟ್ಟಿದರು. ನಾಲ್ಕು ಹೊಸ ಮಡಕೆ ತಂದು ಒದ್ದೆ ಮರಳಲ್ಲಿ ಕೂರಿಸಿ, ಸುತ್ತ ಸಸಿ ಜೋಡಿಸಿದರು.

ಬೇಸಿಗೆಗೆ ಒಂಬತ್ತು ಹೋದವು, ಎರಡು ಉಳಿದವು. ಮುಂದಿನ ದಸರಾಕ್ಕೆ ಅದರಲ್ಲೊಂದು ಹೂ ಬಿಟ್ಟಿತು, ನೇರಳೆ ಬಣ್ಣದ್ದು. ಪ್ರದರ್ಶನದಲ್ಲಿ ಕುಂಡದ ಮುಂದಿನ ಚೀಟಿ ಓದಿ ಸಿದ್ದಲಿಂಗಮ್ಮ ಗಾಬರಿಯಾದರು.

“ಇದೇನ್ರೀ, ನನ್ನೆಸ್ರು ಬರ್ದಿದ್ದೀರಿ? ನಿಮ್ಮ ಚೀಟಿ ಎಲ್ಲಿ?”

“ಹರಿದಾಕ್ದೆ. ಬೆಳೆಸ್ದೋರ ಹೆಸ್ರು ಹಾಕ್ಬೇಕು ಕಣಮ್ಮಿ. ನಂದಂತೂ ಯಾರೂ ಹಾಕ್ಲಿಲ್ಲ.”

ಸಿದ್ದಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸಂಜೆವರೆಗೂ ಕುಂಡದ ಪಕ್ಕ ಬಿಟ್ಟು ಕದಲಲಿಲ್ಲ. ನಿಂತು ನೋಡಿದವರಿಗೆಲ್ಲ ಹೇಳಿದ್ದೇ ಹೇಳಿದ್ದು: “ಬೆಳೆಸಿದ್ದು ನಾನೇ ಕಣ್ರೀ. ಫ್ರಿಜ್ಜಲ್ಲಿ ಮರಳು ಮಡಗಿದ್ದು ಮಾತ್ರ ನಮ್ಮ ಯಜಮಾನ್ರು.”