ಮಾವ ತಿದ್ದಿದ ಫೋಟೊ

ನಮ್ಮ ಸೋದರಮಾವನ ಸ್ಟುಡಿಯೊದಿಂದ ಕಪ್ಪು ಮುಖ ಹೊರಬೀಳುವುದಿಲ್ಲ. ಗಿರಾಕಿ ಕೇಳಲಿ ಬಿಡಲಿ, ಮುದ್ರಿಸುವ ಮೊದಲು ಮುಖ ಬೆಳ್ಳಗಾಗಿಸುವುದು ಅಲ್ಲಿಯ ರೂಢಿ. ಬಿಳಿಯರೇ ಹೆಚ್ಚಿರುವ ಈ ಊರಿನಲ್ಲಿ ಅವನ ಗಿರಾಕಿಗಳೆಲ್ಲ ನಮ್ಮ ಜನಾಂಗದವರು. ಮಾವನೂ ನಮ್ಮಷ್ಟೇ ಕಪ್ಪು.

ಅಕ್ಕ ಅಲ್ಲೇ ಮುಖ ತಿದ್ದುವ ಕೆಲಸ ಮಾಡುತ್ತ ಅಸ್ತಿತ್ವವಾದದ ಮೇಲೆ ಪ್ರಬಂಧ ಬರೆದಳು. ಮನುಷ್ಯ ತಾನು ಯಾರೆಂಬುದನ್ನು ತನ್ನ ಆಯ್ಕೆಗಳಿಂದಲೇ ರೂಪಿಸಿಕೊಳ್ಳುತ್ತಾನೆ ಎನ್ನುತ್ತದೆ ಆ ತತ್ವ. ನಾನು ಬಾಯಿ ತೆರೆಯುವ ಮೊದಲೇ ನನ್ನ ಚರ್ಮ ನೋಡಿ ಇನ್ನೊಬ್ಬರು ಅದನ್ನು ತೀರ್ಮಾನಿಸಿದ್ದರೆ ನನ್ನ ಆಯ್ಕೆ ಶುರುವಾಗುವುದೆಲ್ಲಿ? ಇದು ಅವಳ ಮೂರನೇ ಅಧ್ಯಾಯ ಕೇಳುವ ಪ್ರಶ್ನೆ. ಆ ಅಧ್ಯಾಯ ಕಿತ್ತುಹಾಕದಿದ್ದರೆ ಪದವಿ ಸಿಗುವುದು ಕಷ್ಟ ಎಂದು ಪರೀಕ್ಷಕರು ಮೊದಲೇ ಸೂಚಿಸಿದ್ದರು. ಮೌಖಿಕ ಪರೀಕ್ಷೆಗೆ ಅವಳ ಜೊತೆ ನಾನೂ ಹೋದೆ.

ವಿಶ್ವವಿದ್ಯಾಲಯದ ಗೇಟಿನಲ್ಲೇ ಕಾವಲುಗಾರ ತಡೆದ. ಅವಳ ಗುರುತಿನ ಚೀಟಿ ನೋಡಿದ, ಮುಖ ನೋಡಿದ.

"ಇದು ನೀವಲ್ಲ."

"ನಾನೇ ರೀ. ಮೂಗು ನೋಡಿ."

"ಮೂಗು ಇರ್ಲಿ, ಬಣ್ಣ ಎಲ್ಲಿ?"

ಚೀಟಿಯ ಫೋಟೊ ಮಾವ ತೆಗೆದದ್ದು. ಸೋದರಸೊಸೆಯೆಂದು ಇನ್ನಷ್ಟು ಧಾರಾಳವಾಗಿ ಬಿಳಿ ಬಳಿದಿದ್ದ. ಫೋನ್ ಮಾಡಿದೆ.

"ಮಾವ, ಏನ್ ಮಾಡಿಟ್ಟಿದೀಯ? ಅಕ್ಕನ್ನ ಒಳಗೇ ಬಿಡ್ತಿಲ್ಲ!"

"ದೊಡ್ಡವರ ಮುಂದೆ ನಿಲ್ಲೋ ಹುಡುಗಿ, ಚೆನ್ನಾಗಿ ಕಾಣ್ಲಿ ಅಂತ ಮಾಡಿದೆ ಕಣೇ..."

ವಿಭಾಗದ ಗುಮಾಸ್ತೆ ಬಂದು ಬಿಡಿಸಿಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಪರೀಕ್ಷೆಯ ಕೋಣೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಬಿಳಿಯರಾದ ಹಿರಿಯ ಪರೀಕ್ಷಕರು ಗಡಿಯಾರ ನೋಡಿದರು. "ಮೂರನೇ ಅಧ್ಯಾಯ ನಿಮ್ಮ ಸ್ವಂತ ಗೋಳು. ತತ್ವಶಾಸ್ತ್ರಕ್ಕೆ ಮೈಬಣ್ಣ ಯಾಕಮ್ಮಾ? ತೆಗೆದುಬಿಡಿ."

ನಾನಾಗಿದ್ದರೆ ತಲೆಯಾಡಿಸಿ ಪದವಿ ತೆಗೆದುಕೊಂಡು ಮನೆಗೆ ಬರುತ್ತಿದ್ದೆ. ಅಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಸರ್, ಗೇಟಲ್ಲಿ ನಿಮ್ಮನ್ನ ಯಾರೂ ತಡೆಯಲ್ಲ. ಅದೂ ನಿಮ್ಮ ಸ್ವಂತ ಅನುಭವವೇ. ಗೇಟಿನ ಒಳಗೆ ಕೂತು ಬರೆದದ್ದನ್ನ ಎಲ್ಲರ ತತ್ವ ಅಂತೀರಿ. ನಾನು ಗೇಟಿನಿಂದ ಶುರು ಮಾಡಿದೀನಿ. ಈ ಮುಖ ಅಳಿಸಿದವನು ನನ್ನ ಮಾವ, ಪ್ರೀತಿಯಿಂದಲೇ. ಬೇರೆಯವರ ಮುಖ ನಾನೂ ಅಳಿಸಿದೀನಿ. ಈ ಫೋಟೊ ಕೈಗೆ ಬಂದಾಗ ನನಗೂ ಏನೂ ಅನ್ನಿಸ್ಲಿಲ್ಲ. ನಾವಿಬ್ಬರೂ ಯಾರ ಕಣ್ಣಿಂದ ನೋಡ್ತಿದ್ವಿ? ಅದನ್ನ ಕೇಳದೆ ಸ್ವಾತಂತ್ರ್ಯದ ಬಗ್ಗೆ ಹೇಗೆ ಬರೀಲಿ? ಅಧ್ಯಾಯ ತೆಗೆಯಲ್ಲ."



ಹಿರಿಯರು ಚೀಟಿ ನೋಡಿದರು, ಮುಖ ನೋಡಿದರು, ಥೇಟ್ ಕಾವಲುಗಾರನ ಹಾಗೆ. ಅದು ಅವರಿಗೂ ಹೊಳೆದಿರಬೇಕು, ಕನ್ನಡಕ ತೆಗೆದಿಟ್ಟರು.

"ಅಧ್ಯಾಯ ಇರಲಿ. ಇವತ್ತಿನ ಗೇಟನ್ನೂ ಅದಕ್ಕೆ ಸೇರಿಸಿ."

ಸಂಜೆ ಸ್ಟುಡಿಯೊದಲ್ಲಿ ಮಾವ ಅವಳನ್ನು ಚೀಟಿಯ ಹೊಸ ಫೋಟೊಗೆ ಮತ್ತೆ ಕೂರಿಸಿದ.

"ಬೆಳಕು ಸ್ವಲ್ಪ ಜಾಸ್ತಿ ಮಾಡ್ಲೇನೇ?"

"ಮುಖ ಕಂಡ್ರೆ ಸಾಕು, ಮಾವ."

ಕಂಪ್ಯೂಟರ್ ಮುಂದೆ ಕೂತವನಿಗೆ ತಿದ್ದಲು ಬೆರಳು ತುರಿಸುತ್ತಿತ್ತು. ಆದರೂ ಹಾಗೇ ಮುದ್ರಿಸಿದ.